ವಾಯಿದೆ ಸಿಗದ ನ್ಯಾಯಸ್ಥಾನ

ಕಳೆದ ಮಾಘ ಮಾಸದಲ್ಲಿ ಬೇಲೂರು ಸೀಮೆಯ ನಮ್ಮ ಹಳ್ಳಿಯ ದೇವಸ್ಥಾನದ ಜೀರ್ಣೋದ್ಧಾರ ಮುಗಿಯಿತು. ಗೋಪುರಕ್ಕೆ ಕಳಶ ಏರಿಸುವ ದಿನ ಹಾಸನದಿಂದ ನಾನೂ ಹೋಗಿದ್ದೆ. ಪ್ರಾಕಾರದ ಗೋಡೆಗೆ ದಾನಿಗಳ ಹೆಸರು ಕೆತ್ತಿದ ಕಪ್ಪು ಗ್ರಾನೈಟಿನ ಫಲಕವನ್ನು ಕೂರಿಸಿದ್ದರು. ಅದರಲ್ಲಿ ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿದ್ದ ಹೆಸರು ಯಾರದ್ದೆಂಬುದು ಓದದೆಯೇ ಗೊತ್ತಾಗುವಂತಿತ್ತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂಥವರು ಹೋಬಳಿಗೊಬ್ಬರಾದರೂ ಇರುವುದರಿಂದ ಓದುವವರು ತಮ್ಮ ಕಡೆಯವರ ಹೆಸರನ್ನು ಹಾಕಿಕೊಂಡರೂ ನಡೆಯುತ್ತದೆ. ಸಂಕಲ್ಪದಲ್ಲಿ ಅವರ ಗೋತ್ರ ನಕ್ಷತ್ರಗಳೇ ಮೊದಲು ಬಂದವು, ಮೊದಲ ಫಲ ತಾಂಬೂಲವೂ ಅವರಿಗೇ ಸಂದಿತು. ಅವರ ಹಿಂದೆ ಸಾಲಿನಲ್ಲಿ ತೀರ್ಥಕ್ಕೆ ಕೈಯೊಡ್ಡಿ ನಿಂತಿದ್ದವರ ಪೈಕಿ ನಾನು ಅಕ್ಕ ಎಂದು ಕರೆಯುವ ಒಬ್ಬ ವಿಧವೆಯೂ ಇದ್ದರು. ಆ ದಾನಿಯ ತೋಟದ ಬೇಲಿ ಈಗ ಹಾದುಹೋಗಿರುವುದು ಈ ಅಕ್ಕನ ಎರಡು ಎಕರೆಯನ್ನು ಒಳಗೆ ಹಾಕಿಕೊಂಡು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಅದನ್ನೆಲ್ಲ ನೋಡಿ, ಮೆಲ್ಲಗೆ ನಕ್ಕು, "ಅವನಿಗೇನಪ್ಪಾ, ದೇವರೇ ಅವನ ಕೈಲವ್ನೆ" ಅಂದರು.

ಅದು ನಗೆಗೆಂದು ಆಡಿದ ಮಾತು. ಆದರೂ ತಿಂಗಳುಗಟ್ಟಲೆ ನನ್ನನ್ನು ಬಿಡಲಿಲ್ಲ. ಕೆಟ್ಟವರು ಚೆನ್ನಾಗಿ ಬಾಳುತ್ತಾರೆಂಬ ದೂರು ಹಳೆಯದು. ಬೈಬಲಿನ 73ನೆಯ ಕೀರ್ತನೆಯಲ್ಲಿ ಆಸಾಫನೆಂಬ ಭಕ್ತ ಇದನ್ನೇ ಹೇಳಿಕೊಂಡು ಕುದಿಯುತ್ತಾನೆ: ದುಷ್ಟರ ಮೈ ಕೊಬ್ಬಿದೆ, ಗರ್ವ ಅವರಿಗೆ ಕಂಠಹಾರವಾಗಿದೆ, ಇತರರಿಗೆ ಬರುವ ಕಷ್ಟಗಳು ಅವರ ಹತ್ತಿರ ಸುಳಿಯುವುದಿಲ್ಲ, ನಾನು ಮನಸ್ಸನ್ನು ಶುದ್ಧವಾಗಿಟ್ಟುಕೊಂಡದ್ದೇ ವ್ಯರ್ಥವಾಯಿತೇನೋ ಎಂದು. ಆದರೆ ನಮ್ಮೂರಿನ ಹಿರಿಯರ ಮಾತು ಆಸಾಫನ ದೂರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಆಸಾಫನ ಸಂಕಟದ ಮೂಲ, ದೇವರು ಇದನ್ನೆಲ್ಲ ನೋಡುತ್ತಿಲ್ಲವೇ ಎಂಬ ಅನುಮಾನ. ನಮ್ಮವರ ನಗೆಯೊಳಗಿದ್ದದ್ದು, ದೇವರು ನೋಡಿದ್ದಾನೆ, ನೋಡಿ ತನ್ನ ಪಾಲನ್ನು ತೆಗೆದುಕೊಂಡು ಸುಮ್ಮನಾಗಿದ್ದಾನೆ ಎಂಬ ತೀರ್ಮಾನ. ಐಶ್ವರ್ಯವೆಂದರೆ ಬಿಡುಗಡೆಯ ಪತ್ರ ಎಂದು ಅದರ ಅರ್ಥ. ದೇವರನ್ನು ನಂಬುವವನಾಗಿ ನಾನು ಇದನ್ನು ಒಪ್ಪಲಾರೆ. ಒಪ್ಪಲಾರದ್ದಕ್ಕೆ ಕಾರಣ ಕೇಳಿದರೆ "ದೇವರು ದೊಡ್ಡವನು" ಎಂದಷ್ಟೇ ಹೇಳಿ ಜಾರಿಕೊಳ್ಳುವುದೂ ನನಗೆ ಬೇಡ. ಹಣ ಎಲ್ಲಿ ನಡೆಯುತ್ತದೆ, ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡಿದರೆ, ಎಲ್ಲಿ ನಡೆಯುವುದಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ ಎಂದು ನನ್ನ ಅನಿಸಿಕೆ.

ಹಣಕ್ಕೆ ದಾರಿ ಸಿಗುವುದು ಎಲ್ಲಿ

ಆ ಅಕ್ಕನ ಜೊತೆ ತಾಲ್ಲೂಕು ಕಚೇರಿಯ ಮೆಟ್ಟಿಲಿನ ಮೇಲೆ ಕುಳಿತಿದ್ದ ಒಂದು ಬೆಳಗ್ಗೆ ನನಗೆ ಚೆನ್ನಾಗಿ ನೆನಪಿದೆ. ಬಟ್ಟೆ ಅಂಗಡಿಯ ಕೈಚೀಲವೊಂದರಲ್ಲಿ ಅವರು ಪಹಣಿಯ ನಕಲುಗಳು, ಹಳೆಯ ಕಂದಾಯದ ರಸೀದಿಗಳು, ಗಂಡನ ಮರಣ ಪ್ರಮಾಣಪತ್ರ ಎಲ್ಲವನ್ನೂ ಮಡಿಸಿ ಇಟ್ಟುಕೊಂಡಿದ್ದರು. ಅವರಿಗೆ ಓದು ಬಾರದು, ಆದರೆ ಯಾವ ಕಾಗದ ಯಾವುದೆಂದು ಮಡಿಕೆಯ ಗುರುತಿನಿಂದಲೇ ಹೇಳುತ್ತಿದ್ದರು. ಮಾವ ತೀರಿಕೊಂಡ ಮೇಲೆ ಪೌತಿ ಖಾತೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ಆಗಿರಲಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆಗಿಲ್ಲ. ಗಂಡನೂ ಹೋದ. ಜಮೀನು ಸತ್ತ ಮಾವನ ಹೆಸರಿನಲ್ಲೇ ಇದ್ದಾಗ, ದಾಯಾದಿಯೊಬ್ಬನ ಕೈಯಿಂದ ಬರೆಸಿಕೊಂಡ ಕ್ರಯಪತ್ರವೊಂದು ಎದ್ದು ಬಂತು. ಅದಕ್ಕೆ ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬ ಹಬ್ಬ ಹಬ್ಬಕ್ಕೂ ಇವರ ಮನೆಯಲ್ಲೇ ಉಂಡವನು. ಖಾತೆ ಬದಲಾಯಿತು, ಪಹಣಿಯಲ್ಲಿ ಹೊಸ ಹೆಸರು ಕುಳಿತಿತು, ಬೇಲಿ ಬಂತು. ಇವರು ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಹಾಕಿದರು. ಅಲ್ಲಿಂದ ಮುಂದೆ ನಡೆದದ್ದು ವಾಯಿದೆಗಳ ಕತೆ. ಎದುರು ಪಕ್ಷದ ವಕೀಲರಿಗೆ ಒಮ್ಮೆ ಮೈ ಸರಿಯಿಲ್ಲ, ಒಮ್ಮೆ ಕಡತ ಬಂದಿಲ್ಲ, ಒಮ್ಮೆ ಸಾಹೇಬರಿಗೆ ಚುನಾವಣೆಯ ಕೆಲಸ. ಪ್ರತಿ ವಾಯಿದೆಗೂ ಇವರಿಗೆ ಕಾಫಿ ಕೊಯ್ಲಿನ ಒಂದು ದಿನದ ಕೂಲಿ ಹೋಗುತ್ತಿತ್ತು. ಎದುರು ಪಕ್ಷದವರಿಗೆ ಏನೂ ಹೋಗುತ್ತಿರಲಿಲ್ಲ. "ಅಮ್ಮಾ, ಮುಂದಿನ ತಿಂಗಳು ಬನ್ನಿ" ಎಂದ ಗುಮಾಸ್ತರ ಧ್ವನಿಯಲ್ಲಿ ಕ್ರೌರ್ಯವೇನೂ ಇರಲಿಲ್ಲ ಎಂಬುದನ್ನೂ ಹೇಳಬೇಕು. ಆ ಮಾತನ್ನು ಅವರು ದಿನಕ್ಕೆ ಎಷ್ಟು ಜನರಿಗೆ ಹೇಳುತ್ತಿದ್ದರೋ.

ಇಲ್ಲಿ ಹಣ ಮಾಡಿದ ಕೆಲಸವನ್ನು ಗಮನಿಸಬೇಕು. ತಪ್ಪನ್ನು ಸರಿಯೆಂದು ಅದು ಸಾಧಿಸಲಿಲ್ಲ. ಹಾಗೆ ಸಾಧಿಸುವ ಗೋಜಿಗೂ ಹೋಗಲಿಲ್ಲ. ಅದು ಹಿಡಿದದ್ದು ಮೂರನ್ನು ಮಾತ್ರ: ಸಾಕ್ಷಿಯನ್ನು, ದಾಖಲೆಯನ್ನು, ಕಾಲವನ್ನು. ಮನುಷ್ಯರ ನ್ಯಾಯಕ್ಕೆ ಈ ಮೂರೂ ಏಕೆ ಬೇಕೆಂದು ಕೇಳಿದರೆ ಉತ್ತರ ಸರಳ. ನ್ಯಾಯ ಹೇಳುವವನು ಸ್ವತಃ ಕಂಡಿಲ್ಲ, ಆದ್ದರಿಂದ ಸಾಕ್ಷಿ ಬೇಕು. ಅವನ ನೆನಪಿಗೆ ಮಿತಿಯಿದೆ, ಆದ್ದರಿಂದ ದಾಖಲೆ ಬೇಕು. ಅವನಿಗೆ ಒಂದೇ ದೃಷ್ಟಿಯಲ್ಲಿ ಎಲ್ಲವೂ ಕಾಣುವುದಿಲ್ಲ, ಆದ್ದರಿಂದ ಕಾಲ ಬೇಕು. ಅತ್ಯಂತ ಪ್ರಾಮಾಣಿಕನಾದ ನ್ಯಾಯಾಧೀಶನಿಗೂ ಈ ಕೊರತೆಗಳು ತಪ್ಪಿದ್ದಲ್ಲ, ಮತ್ತು ಸಂಪತ್ತು ನುಸುಳುವುದು ಈ ಕೊರತೆಗಳ ಮೂಲಕವೇ. ಇನ್ನು, ತಾನೇ ಕಂಡವನು, ಮರೆಯದವನು, ತಿಳಿದುಕೊಳ್ಳಲು ಕಾಲಾವಕಾಶ ಬೇಡದವನು ನ್ಯಾಯ ಹೇಳಲು ಕುಳಿತರೆ ಹಣ ಹಿಡಿಯುವುದು ಏನನ್ನು? ದೇವರು ಲಂಚ ತೆಗೆದುಕೊಳ್ಳುವುದಿಲ್ಲ ಎಂದು ನಾವು ಹೇಳುವಾಗ ಅದೊಂದು ಸದ್ಗುಣವೆಂಬಂತೆ, ಒಳ್ಳೆಯ ಅಧಿಕಾರಿಯನ್ನು ಹೊಗಳುವಂತೆ ಹೇಳುತ್ತೇವೆ. ನನಗೆ ಹಾಗೆ ತೋರುವುದಿಲ್ಲ. ಆ ನ್ಯಾಯಸ್ಥಾನದಲ್ಲಿ ಲಂಚ ಕೊಟ್ಟು ಕೊಳ್ಳುವಂಥ ವಸ್ತುವೇ ಇಲ್ಲ. ಅಲ್ಲಿ ಉಳ್ಳವನು ಎಷ್ಟೇ ದೊಡ್ಡ ವಕೀಲನನ್ನು ಹಿಡಿದರೂ ಆ ವಕೀಲನಿಗೆ ಮಾಡಲು ಕೆಲಸವಿರುವುದಿಲ್ಲ.

(ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆರೆದಾಗ, ಸಾವಿರ ರೂಪಾಯಿಯ ಟಿಕೆಟ್ ಕೊಂಡವರು ಧರ್ಮದರ್ಶನದ ಸಾಲಿನವರಿಗಿಂತ ಎಷ್ಟೋ ಬೇಗ ಒಳಗೆ ಹೋಗುತ್ತಾರೆ. ಅದರ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ, ಗುಡಿಯ ಖರ್ಚೂ ನಡೆಯಬೇಕು. ಆದರೆ ಅದೇ ಆವರಣದಲ್ಲಿ ಕಳ್ಳಪ್ಪನ ಗುಡಿಯಿದೆ. ತಾಯಿಯ ಒಡವೆ ಕದಿಯಲು ಬಂದ ಕಳ್ಳರು ಕಲ್ಲಾದರೆಂಬ ಐತಿಹ್ಯ ಅಲ್ಲಿನದು. ಟಿಕೆಟ್ ಕೊಳ್ಳುವುದು ದರ್ಶನದ ಸರತಿಯನ್ನು ಮಾತ್ರ ಎಂಬುದನ್ನು ಆ ಗುಡಿಯ ಮುಂದೆ ಹಾದುಹೋಗುವ ಕೆಲವರಾದರೂ ಯೋಚಿಸಬಹುದು.)

ಬಲವಿದ್ದವನಿಗೇ ಬರೆದ ಶಾಪ

ನಮ್ಮದೇ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಹೆಸರನ್ನು ಶಾಲೆಗೆ ಹೋದ ಕನ್ನಡಿಗರೆಲ್ಲ ಕೇಳಿದ್ದೇವೆ. ಕ್ರಿ.ಶ. ಸುಮಾರು 450ರ ಆ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ ಅವರು. ಮೂಲ ಕಲ್ಲು ಈಗ ಮೈಸೂರಿನಲ್ಲಿದೆ, ಊರಿನಲ್ಲಿ ನಿಲ್ಲಿಸಿರುವುದು ಪ್ರತಿಕೃತಿ. ಕನ್ನಡದ ಮೊದಲ ಬರಹಗಳಲ್ಲೊಂದು ಎಂದು ಅದನ್ನು ಕೊಂಡಾಡುವ ನಾವು, ಅದರಲ್ಲಿ ಬರೆದಿರುವುದೇನೆಂದು ಕೇಳುವುದು ಕಡಿಮೆ. ಅದು ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಊರುಗಳನ್ನು ಬಾಳ್ಗಳ್ಚಾಗಿ, ಅಂದರೆ ವೀರನ ಕತ್ತಿ ತೊಳೆದು ಗೌರವಿಸುವ ಕೊಡುಗೆಯಾಗಿ, ಕೊಟ್ಟ ದಾನಶಾಸನ. ಹದಿನಾರೇ ಸಾಲಿನ ಆ ಬರಹದಲ್ಲಿ ಮಹಾಪಾತಕದ ಮಾತು ಎರಡು ಸಲ ಬರುತ್ತದೆ. ಇದನ್ನು ಕದ್ದವನು ಮಹಾಪಾತಕಿ ಎಂದು ಒಮ್ಮೆ. "ಅದಾನ್ ಅೞಿವೊನ್ಗೆ ಮಹಾಪಾತಕಮ್", ಅಂದರೆ ಅದನ್ನು ಹಾಳುಮಾಡುವವನಿಗೆ ಮಹಾಪಾತಕ, ಎಂದು ಇನ್ನೊಮ್ಮೆ. ಕನ್ನಡ ಕಲ್ಲಿನ ಮೇಲೆ ಬಾಯಿಬಿಟ್ಟ ಕಾಲದಿಂದಲೂ ಭೂಮಿ ಕಿತ್ತುಕೊಳ್ಳುವವನನ್ನು ಹೆದರಿಸುತ್ತಲೇ ಬಂದಿದೆ.

ಈ ಬೆದರಿಕೆ ಯಾರಿಗೆ? ಅರಸರ ಕಡೆಯಿಂದ ದತ್ತಿ ಪಡೆದವನ ನೆಲವನ್ನು ಪಕ್ಕದ ಹೊಲದ ಬಡವ ಕಸಿಯಲಾರ. ಕಸಿದರೆ ಅವನಿಗೆ ಕೊಡಬೇಕಾದ ಶಿಕ್ಷೆಗೆ ಕತ್ತಿ ಸಾಕು, ಶಾಪದ ಅಗತ್ಯವಿಲ್ಲ. ಕಸಿಯಬಲ್ಲವನು ಮುಂದಿನ ಅರಸ, ನೆರೆಯ ನಾಯಕ, ಇಲ್ಲವೇ ಕೊಟ್ಟವನ ಸ್ವಂತ ಮಗ. ಮುಂದೆ ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಇದು ರೂಢಿಯೇ ಆಗಿಬಿಟ್ಟಿತು. ಹಾಸನ ಜಿಲ್ಲೆಯ ಶಾಸನಗಳನ್ನು ಒಟ್ಟುಗೂಡಿಸಿರುವ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವನ್ನು ತಿರುವಿದರೆ, ತಾನು ಕೊಟ್ಟದ್ದನ್ನಾಗಲಿ ಇತರರು ಕೊಟ್ಟದ್ದನ್ನಾಗಲಿ ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆಂಬ ಸಂಸ್ಕೃತ ಶ್ಲೋಕ ಮತ್ತೆ ಮತ್ತೆ ಎದುರಾಗುತ್ತದೆ. ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುವನೆಂಬ ಕನ್ನಡದ ಮಾತೂ ಅಷ್ಟೇ ಸಾಮಾನ್ಯ. ಈ ಸಾಲುಗಳನ್ನು ನಾವು ಹಳೆಯ ಕಾಲದ ಮೂಢನಂಬಿಕೆಯೆಂದು ಓದಿ ಮುಂದೆ ಹೋಗುತ್ತೇವೆ. ನನಗಂತೂ ಅವುಗಳಲ್ಲಿ ಲೋಕವನ್ನು ಬಲ್ಲವರ ಎಚ್ಚರವೇ ಕಾಣುತ್ತದೆ. ಅಧಿಕಾರವೂ ಐಶ್ವರ್ಯವೂ ಇದ್ದವನನ್ನು ಈ ಲೋಕದ ಯಾವ ಕಟಕಟೆಯಲ್ಲೂ ನಿಲ್ಲಿಸಲಾಗದು ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ, ಅವನ ಕೈಗೆ ನಿಲುಕದ ಇನ್ನೊಂದು ಕಟಕಟೆಯ ಹೆಸರನ್ನು ಅವನೇ ಓದುವಂತೆ ಕಲ್ಲಿನ ಮೇಲೆ ಬರೆಸಿದರು.

ಶಾಪ ಬರೆಸಿದ ಮಾತ್ರಕ್ಕೆ ಭೂಮಿ ಉಳಿಯಿತೇ ಎಂದು ಕೇಳಬಹುದು. ಎಷ್ಟೋ ಕಡೆ ಉಳಿಯಲಿಲ್ಲ. ಆ ಕಲ್ಲುಗಳಲ್ಲಿ ಕೆಲವು ಬಟ್ಟೆ ಒಗೆಯುವ ಹಾಸುಗಲ್ಲಾದವು, ಕೆಲವು ಮನೆಯ ಪಾಯಕ್ಕೆ ಹೋದವು. ಆದರೆ ಶಾಪದ ಮಾತು ಹೇಳುವುದು ಅನ್ಯಾಯ ನಡೆಯುವುದೇ ಇಲ್ಲ ಎಂದಲ್ಲ; ನಡೆದ ಮೇಲೂ, ಕಸಿದವನು ಸುಖವಾಗಿ ಬಾಳಿ ಸತ್ತ ಮೇಲೂ, ಅದರ ಹೆಸರು ಪಾತಕವೆಂದೇ ಉಳಿಯುತ್ತದೆ ಎಂದು. ಪಹಣಿಯ ಹೆಸರಿನಂತೆ ಅದನ್ನು ತಿದ್ದಿಸಲಾಗದು.

ಕಾಯಿಲೆಯನ್ನು ತೀರ್ಪೆಂದು ಓದುವವರು

ಕಳಶ ಏರಿಸಿ ಆರು ತಿಂಗಳಾಗುವ ಹೊತ್ತಿಗೆ ಆ ದಾನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸ್ವಾಧೀನ ತಪ್ಪಿ ಮಾತು ತೊದಲಿತು. ಊರಿನಲ್ಲಿ ಅದೇ ಸುದ್ದಿ. "ನೋಡಿದ್ರಾ, ಮಾಡಿದ್ದುಣ್ಣೋ ಮಹರಾಯ" ಎಂದು ಫೋನಿನಲ್ಲಿ ನನಗೂ ಹೇಳಿದರು, ನಾನು ಸಂತೋಷಪಡುತ್ತೇನೆಂದು ಎಣಿಸಿ. ಹಾಗೆ ಹೇಳಿದವರಲ್ಲಿ "ದೇವರೇ ಅವನ ಕೈಲವ್ನೆ" ಎಂದಿದ್ದ ಹಿರಿಯರೂ ಇದ್ದರು. ಆಗ ನನಗೆ ಹೊಳೆದದ್ದು, ಈ ಎರಡೂ ಮಾತುಗಳು ಒಂದೇ ಲೆಕ್ಕದವು ಎಂಬುದು. ರೋಗ ಬಂದದ್ದೇ ಶಿಕ್ಷೆಯಾದರೆ, ರೋಗವಿಲ್ಲದೆ ತಿಂದುಂಡು ತಿರುಗುತ್ತಿದ್ದ ವರ್ಷಗಳೆಲ್ಲ ಬಿಡುಗಡೆಯೇ ಆಗಬೇಕಾಗುತ್ತದೆ. ಆ ಲೆಕ್ಕದಲ್ಲಿ ಅಕ್ಕನ ಬಡತನಕ್ಕೂ ಯಾವುದೋ ಅಪರಾಧವನ್ನು ಹುಡುಕಬೇಕಾಗುತ್ತದೆ. ಬೈಬಲಿನಲ್ಲಿ, ತಪ್ಪಿಲ್ಲದೆಯೂ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಸ್ನೇಹಿತರು ಮಾಡಿದ್ದು ಇದನ್ನೇ. ಕೊನೆಯಲ್ಲಿ ದೇವರ ಕೋಪ ಉರಿದದ್ದು ನೊಂದು ಕೂಗಾಡಿದ ಯೋಬನ ಮೇಲಲ್ಲ, ಲೆಕ್ಕ ಒಪ್ಪಿಸಿದ ಆ ಸ್ನೇಹಿತರ ಮೇಲೆ. ನಮ್ಮ ದ್ವಾರಸಮುದ್ರದ, ಅಂದರೆ ಇಂದಿನ ಹಳೇಬೀಡಿನ, ಮೇಲೆ 1311ರಲ್ಲಿ ಮಲಿಕ್ ಕಾಫೂರನ ಸೈನ್ಯ ಬಂದೆರಗಿತು. ಅದನ್ನು ಹೊಯ್ಸಳ ವೈಭವದ ಮೇಲಿನ ದೈವದ ತೀರ್ಪು ಎಂದು ಹೇಳಹೊರಟರೆ, ಆ ಊರಿನ ಕುಂಬಾರನೂ ಗಾಣಿಗನೂ ಮಾಡಿದ ಪಾಪ ಯಾವುದೆಂದು ಉತ್ತರಿಸಬೇಕಾಗುತ್ತದೆ.

ಅಧರ್ಮದಿಂದ ಮನುಷ್ಯ ಮೊದಲು ಬೆಳೆಯುತ್ತಾನೆ, ಆಮೇಲೆ ಒಳಿತುಗಳನ್ನು ಕಾಣುತ್ತಾನೆ, ಶತ್ರುಗಳನ್ನೂ ಗೆಲ್ಲುತ್ತಾನೆ, ಕೊನೆಗೆ ಬೇರುಸಹಿತ ನಾಶವಾಗುತ್ತಾನೆ ಎಂದು ಮನುಸ್ಮೃತಿಯಲ್ಲಿ ಒಂದು ಶ್ಲೋಕವಿದೆ. ಆ ಗ್ರಂಥದ ಎಷ್ಟೋ ಮಾತುಗಳನ್ನು ನಾನು ಒಪ್ಪುವುದಿಲ್ಲ. ಈ ಶ್ಲೋಕದ ಕ್ರಮ ಮಾತ್ರ ಗಮನಿಸುವಂಥದ್ದು. ಸಿರಿ ಬಂದದ್ದು ನಿಯಮ ತಪ್ಪಿದ್ದರಿಂದಲ್ಲ, ಅದು ನಿಯಮದ ಮೊದಲ ಭಾಗ ಎನ್ನುತ್ತದೆ ಅದು. ಆದರೆ "ಬೇರುಸಹಿತ" ಎಂಬಲ್ಲಿ ಮಕ್ಕಳು ಮೊಮ್ಮಕ್ಕಳನ್ನು ಸೇರಿಸಿ ಓದುವ ರೂಢಿಯಿದೆಯಲ್ಲ, ಅಲ್ಲಿ ನಾನು ನಿಲ್ಲುತ್ತೇನೆ. ಮಗನು ತಂದೆಯ ದೋಷಫಲವನ್ನು ಹೊರುವುದಿಲ್ಲ ಎಂದು ಸ್ಪಷ್ಟವಾಗಿ ಸಾರಿದ ಪ್ರವಾದಿ ಯೆಹೆಜ್ಕೇಲನ ಮಾತು ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಸತ್ತ ಮೇಲೂ ಆಳನ್ನು ಕರೆದವನು

ಹಾಗಿದ್ದರೆ ತೀರ್ಪೆಂದರೇನು? ಈ ಪ್ರಶ್ನೆಗೆ ನನಗೆ ಸಿಕ್ಕಿರುವ ಉತ್ತರಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಬಂದದ್ದು ಚಿಕ್ಕಮಗಳೂರು ಕಡೆಯ ಒಂದು ಕಾಫಿ ಎಸ್ಟೇಟಿನಿಂದ. ನಮ್ಮ ತಂದೆಯವರ ಸ್ನೇಹಿತರೊಬ್ಬರು ಅಲ್ಲಿ ರೈಟರಾಗಿದ್ದರು. ಅವರು ಕ್ಯಾಥೊಲಿಕರು, ದಿನಾ ಸಂಜೆ ಆಳುಗಳ ಹಾಜರಿ ಬರೆದು ಮುಗಿಸಿ ಬೈಬಲ್ ಓದುವವರು. ಹುಡುಗನಾಗಿದ್ದಾಗ ರಜೆಗೆ ಹೋದರೆ, ಹೊರಗೆ ಜಡಿಮಳೆ ಸುರಿಯುತ್ತಿರುವಾಗ ಜಗಲಿಯಲ್ಲಿ ಕೂರಿಸಿಕೊಂಡು ಕತೆ ಹೇಳುತ್ತಿದ್ದರು. ಲೂಕನ ಸುವಾರ್ತೆಯ ಹದಿನಾರನೆಯ ಅಧ್ಯಾಯದ ಐಶ್ವರ್ಯವಂತ ಮತ್ತು ಲಾಜರನ ಕತೆಯನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ. ಐಶ್ವರ್ಯವಂತ ನಯವಾದ ಬಟ್ಟೆ ತೊಟ್ಟು ದಿನವೂ ಸುಖಪಡುತ್ತಾನೆ. ಹುಣ್ಣು ತುಂಬಿದ ಲಾಜರ ಅವನ ಬಾಗಿಲಲ್ಲಿ ಬಿದ್ದಿರುತ್ತಾನೆ. ಇಬ್ಬರೂ ಸಾಯುತ್ತಾರೆ. ಲಾಜರ ಯೆಹೂದ್ಯರ ಮೂಲಪುರುಷ ಅಬ್ರಹಾಮನ ಎದೆಯನ್ನು ಸೇರುತ್ತಾನೆ, ಐಶ್ವರ್ಯವಂತ ಪಾತಾಳದ ಯಾತನೆಯನ್ನು. ಉರಿಯಲ್ಲಿ ನಿಂತು ಅವನು ಕೂಗುತ್ತಾನೆ: ತಂದೆಯೇ ಅಬ್ರಹಾಮನೇ, ಲಾಜರನನ್ನು ಕಳುಹಿಸು, ಅವನು ಬೆರಳ ತುದಿಯನ್ನು ನೀರಿನಲ್ಲಿ ಅದ್ದಿ ನನ್ನ ನಾಲಿಗೆಯನ್ನು ತಣ್ಣಗೆ ಮಾಡಲಿ. ಇಲ್ಲಿಗೆ ಬಂದಾಗ ರೈಟರು ಜೋರಾಗಿ ನಗುತ್ತಿದ್ದರು. "ನೋಡು ಮಗಾ, ಸತ್ತ ಮೇಲೂ ಆಳು ಕರೀತಾನೆ ಸಾವ್ಕಾರ!"

ಆ ನಗುವಿನ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಕತೆಯಲ್ಲಿ ಐಶ್ವರ್ಯವಂತ ಕದ್ದನೆಂದಾಗಲಿ ಹೊಡೆದನೆಂದಾಗಲಿ ಆರೋಪವಿಲ್ಲ. ಸಿರಿವಂತಿಕೆಯೇ ಅಪರಾಧವೆಂದೂ ಅಲ್ಲ, ಏಕೆಂದರೆ ಅವನು ಮೊರೆಯಿಡುತ್ತಿರುವ ಅಬ್ರಹಾಮನೇ ಆದಿಕಾಂಡದ ಪ್ರಕಾರ ದನಕರುಗಳಲ್ಲೂ ಬೆಳ್ಳಿಬಂಗಾರದಲ್ಲೂ ಬಹಳ ಶ್ರೀಮಂತ. ಆದರೆ ಆ ಐಶ್ವರ್ಯವಂತನಿಗೆ ಲಾಜರನ ಹೆಸರು ಗೊತ್ತಿತ್ತು. ಅಂದರೆ ಬಾಗಿಲಲ್ಲಿ ಬಿದ್ದವನನ್ನು ತಾನು ಕಂಡಿರಲಿಲ್ಲ ಎಂದು ಹೇಳಿ ಪಾರಾಗುವಂತಿಲ್ಲ. ಎಲ್ಲವೂ ತಲೆಕೆಳಗಾದ ಮೇಲೂ ಅವನ ಕಣ್ಣಿಗೆ ಲಾಜರನು ಕಾಣುವುದು ನೀರು ತರಬೇಕಾದ ಆಳಾಗಿ. ಕ್ಷಮಿಸು ಎಂಬ ಮಾತು ಲಾಜರನ ಕಡೆಗೆ ಒಮ್ಮೆಯೂ ಹೊರಡುವುದಿಲ್ಲ. ಲಾಜರನ ಜೊತೆ ಅವನು ನೇರವಾಗಿ ಮಾತನ್ನೇ ಆಡುವುದಿಲ್ಲ. ನಮಗೂ ನಿಮಗೂ ನಡುವೆ ದಾಟಲಾಗದ ದೊಡ್ಡ ಕಮರಿಯಿದೆ ಎಂದು ಅಬ್ರಹಾಮ ಹೇಳುತ್ತಾನೆ. ಬದುಕಿದ್ದಾಗ ಐಶ್ವರ್ಯವಂತನಿಗೂ ಲಾಜರನಿಗೂ ನಡುವೆ ಇದ್ದದ್ದು ಒಂದು ಬಾಗಿಲು ಮಾತ್ರ, ಅದರ ಅಗುಳಿ ಒಳಗಿದ್ದವನ ಕೈಯಲ್ಲೇ ಇತ್ತು.

ದೈವದ ತೀರ್ಪಿನಿಂದ ಸಂಪತ್ತು ಏಕೆ ಕಾಪಾಡಲಾರದು ಎಂಬುದರ ಎರಡನೆಯ ಕಾರಣ ನನಗೆ ಇಲ್ಲಿ ಕಂಡಿತು. ಹಣ ಹೊರಗಿನ ನ್ಯಾಯವನ್ನು ದೂರವಿಡುತ್ತಿದ್ದ ವರ್ಷಗಳಲ್ಲೇ ಒಳಗೆ ಮನುಷ್ಯನನ್ನು ರೂಪಿಸುತ್ತಿರುತ್ತದೆ. ಯಾರೂ ತನ್ನನ್ನು ಏನೂ ಕೇಳಲಾರರು ಎಂಬ ಅಭ್ಯಾಸ, ಎದುರಿಗಿರುವವರೆಲ್ಲ ಒಂದೋ ಆಳು, ಇಲ್ಲವೇ ಅಡ್ಡಿ ಎಂಬ ಅಭ್ಯಾಸ ಅವನಲ್ಲಿ ಬೇರೂರುತ್ತದೆ. ತೋಟ, ಮನೆ, ಕಾರು ಎಲ್ಲವೂ ಇಲ್ಲೇ ಉಳಿಯುತ್ತವೆ ಎಂದು ನಮ್ಮ ಹರಿಕತೆಯವರೂ ಹೇಳುತ್ತಾರೆ. ಆದರೆ ಆ ಅಭ್ಯಾಸ ಇಲ್ಲಿ ಉಳಿಯುವುದಿಲ್ಲ, ಜೊತೆಗೇ ಹೋಗುತ್ತದೆ. ಕಾಣುವವನ ಮುಂದೆ ಅದನ್ನು ಹೊತ್ತುಕೊಂಡು ನಿಲ್ಲಬೇಕಾಗುತ್ತದೆ.

ಕೊಡುವುದು ಮತ್ತು ಹಿಂದಿರುಗಿಸುವುದು

ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಕತೆ ಈ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಸುಮಾರು 57 ಅಡಿಯ ಗೊಮ್ಮಟನನ್ನು ನಿಲ್ಲಿಸಿದ ಗಂಗರ ಮಂತ್ರಿ ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ಮೂರ್ತಿಯ ಕೆಳಭಾಗಕ್ಕೆ ಇಳಿಯಲಿಲ್ಲ, ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹಾಲು ಪಾದದವರೆಗೂ ಹರಿಯಿತು. ಚಾವುಂಡರಾಯ ದುಷ್ಟನಲ್ಲ, ಅವನಲ್ಲಿದ್ದದ್ದು ಗರ್ವ ಮಾತ್ರ. ಅಷ್ಟಕ್ಕೇ ಹಾಲು ತಡೆದು ನಿಂತಿತು. ಜೈನರಲ್ಲಿ ಕುಳಿತು ತೀರ್ಪು ಹೇಳುವ ದೇವರೇ ಇಲ್ಲ ಎಂಬುದನ್ನೂ ನೆನೆಯಬೇಕು. ಅಲ್ಲಿ ಕರ್ಮ ತನ್ನಷ್ಟಕ್ಕೆ ತಾನು ನಡೆಯುತ್ತದೆ, ಓಲೈಸೋಣವೆಂದರೂ ಓಲೈಸಲು ಯಾರೂ ಸಿಗುವುದಿಲ್ಲ.

ನಮ್ಮ ಶಾಸನಗಳ ಕೊನೆಯಲ್ಲಿ ಶಾಪದ ಜೊತೆಗೇ ಬರುವ ಇನ್ನೊಂದು ಶ್ಲೋಕವಿದೆ. ದಾನ ಮಾಡುವುದು, ಇತರರಿಗೆ ಸೇರಿದ್ದನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಹೆಚ್ಚಿನದು. ದಾನದಿಂದ ಸ್ವರ್ಗ, ಪಾಲನೆಯಿಂದ ಅಚ್ಯುತಪದ ಎನ್ನುತ್ತದೆ ಅದು. ಒಬ್ಬರ ನೆಲವನ್ನು ಕಸಿದು ಇನ್ನೊಂದು ಕಡೆ ಗೋಪುರ ಕಟ್ಟಿಸುವವನಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಕಸಿದ ನೆಲದ ಕಾಫಿ ಮೆಣಸಿನಿಂದ ಬಂದ ಹಣ ದೇವರಿಗೆ ಸಂದಾಗ ಅದರಲ್ಲಿ ದಾನಿಯದೆಂದು ಹೇಳುವಂಥದ್ದು ಏನಿರುತ್ತದೆ? ಲೂಕನ ಸುವಾರ್ತೆಯಲ್ಲೇ ಬರುವ ಜೆರಿಕೋವಿನ ಸುಂಕದ ಅಧಿಕಾರಿ ಜಕ್ಕಾಯನೂ ಐಶ್ವರ್ಯವಂತನೇ. ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತೇನೆ ಎಂದ ಅವನು ಅಲ್ಲಿಗೇ ನಿಲ್ಲಿಸಿದ್ದರೆ ಅವನೂ ಒಬ್ಬ ದಾನಿಯಾಗುತ್ತಿದ್ದ. ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ಅವರವರಿಗೆ ನಾಲ್ಕರಷ್ಟಾಗಿ ಹಿಂದಿರುಗಿಸುತ್ತೇನೆ ಎಂದು ಮುಂದುವರಿಸಿದ. ರಕ್ಷಣೆ ಬಂತೆಂಬ ಮಾತನ್ನು ಯೇಸುವಿನ ಬಾಯಿಂದ ಅವನು ಕೇಳಿಸಿಕೊಂಡದ್ದು ಆಮೇಲೆ.

ದೇವರು ನೋಡಿಕೊಳ್ಳುತ್ತಾನೆ ಎಂದು ಕೈಕಟ್ಟಿ ಕುಳಿತಿರುವ ನಮ್ಮೂರಿನವರ ಬಗ್ಗೆಯೂ ಒಂದು ಮಾತು ಹೇಳಬೇಕು. ದೇವರಿಗೆ ಸಾಕ್ಷಿ ಬೇಡ, ನಿಜ, ಉಪವಿಭಾಗಾಧಿಕಾರಿಗಳಿಗೆ ಬೇಕು. ಸುಳ್ಳು ಸಾಕ್ಷಿ ಹಾಕಿದ ಇಬ್ಬರೂ ಊರಿನವರೇ, ನಿಜ ಗೊತ್ತಿದ್ದೂ ಹೇಳದ ಉಳಿದವರೂ ಊರಿನವರೇ.

ಆ ದಾನಿ ಈಗಲೂ ಹಾಸಿಗೆಯಲ್ಲಿದ್ದಾರೆ. ಅವರ ಕಾಯಿಲೆಯನ್ನು ತೀರ್ಪೆಂದು ನಾನು ಕರೆಯುವುದಿಲ್ಲ. ವಾಯಿದೆಯ ಮೇಲೆ ವಾಯಿದೆ ಪಡೆದು ಬೇರೆಯವರ ಕಾಲವನ್ನು ತಿಂದವರಿಗೆ, ಬೇಡದೆಯೇ ಸಿಕ್ಕಿರುವ ಕಾಲಾವಕಾಶ ಅದು ಎಂದು ಬೇಕಾದರೆ ಕರೆದೇನು. ಬುದ್ಧಿ ಸ್ವಾಧೀನದಲ್ಲಿದೆ, ಜನರ ಗುರುತು ಸಿಗುತ್ತದೆ ಎಂದು ಮನೆಯವರೇ ಹೇಳುತ್ತಾರೆ. ಬಲಗೈ ಆಡದಿದ್ದರೆ ಎಡಗೈಯ ಹೆಬ್ಬೆಟ್ಟಿನ ಗುರುತು ನಡೆಯುತ್ತದೆ. ಕಚೇರಿಗೆ ಬರಲಾಗದ ರೋಗಿಯ ಮನೆಗೆ ಸಬ್‌ರಿಜಿಸ್ಟ್ರಾರರೇ ಹೋಗಿ ಪತ್ರ ನೋಂದಾಯಿಸಿಕೊಳ್ಳಲು 1908ರ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ಎರಡು ಎಕರೆಗೆ ಒಂದು ಬೆಳಗಿನ ಕೆಲಸ.